ತೊಟ್ಟು ಬಿಡಿಸೂವಾಗ ಬರದ ಚೀಟಿ

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿಯೊಳಗ ಟೆಂಡರ್,
ಅವೆರಡು ದಿನ ರಜಾ ಕೇಳಬ್ಯಾಡ್ರಿ ಅಂದಿದ್ದ ಗುಮಾಸ್ತ.
ಉಳಿದದ್ದರೊಳಗ ಬುಧವಾರ ಗಟ್ಟಿ ಆತು.
ತೂಕದ ಚೀಟಿ ಬೆನ್ನು ಮ್ಯಾಲ ಮಾಡಿ
ನಾ ಬರಿಯಾಕ ಕುಂತೆ.
ಎಸ್ಸೆಸ್ಸೆಲ್ಸಿ ಮಟ ಓದಿದ್ದಕ್ಕ
ಈ ಗೋದಾಮಿನ್ಯಾಗ ಪೆನ್ನು ಯಾವಾಗ್ಲೂ ನಂದ.

ಮೊದಲ ಸಾಲು: ಏಳೂದು, ರಾತ್ರಿ ಎರಡಕ್ಕ.
"ಏಳೂದ್ಯಾಕ, ಮಲಗೂದ ಬ್ಯಾಡ," ಅಂದ್ಲು ಫಕ್ಕೀರವ್ವ,
"ಹಾವೇರಿ ಸ್ಟ್ಯಾಂಡಿನ್ಯಾಗ ಕುಂತು ತೂಕಡಿಸೂಣು."
ಅಲ್ಲಿಂದ ಶಿರಸಿ, ಘಟ್ಟ ಇಳಿದು ಕುಮಟಾ,
ಕುಮಟಾದಿಂದ ಕಾರವಾರ,
ಹೊಳಿ ಸೇತುವಿ ದಾಟಿದ್ರ ಸದಾಶಿವಗಡ.
ಆಧಾರ್ ಕಾರ್ಡು ತೋರಿಸಿದ್ರ ಟಿಕೆಟ್ಟು ಸೊನ್ನಿ.
ಸೊನ್ನಿ ಬರದು, ಅದರ ಸುತ್ತ ಇನ್ನೊಂದು ಸೊನ್ನಿ ಹಾಕಿದೆ,
ಅಷ್ಟು ಚಂದ ಕಾಣತಿತ್ತು.
ಕೂಲಿ ಮುರಿಯೂದನ್ನ ಮಾತ್ರ ಯಾರೂ ಬರಿ ಅನ್ನಲಿಲ್ಲ.

ಗುಡ್ಡದ ಮ್ಯಾಲ ಕ್ವಾಟಿ, ಕ್ವಾಟಿ ಕೆಳಗ ಸಮುದ್ರ.
ಸೋದಿ ಅರಸ ಅಪ್ಪನ ಹೆಸರಿಟ್ಟು ಕಟ್ಟಿಸಿದ್ದಂತ.
"ನಮ್ಮಪ್ಪನ ಹೆಸರು ರೇಷನ್ ಕಾರ್ಡಿನ್ಯಾಗ ಸೈತ ತಪ್ಪೈತಿ,"
ಅಂದ್ಲು ಫಕ್ಕೀರವ್ವ, ತೊಟ್ಟು ಚಿವುಟಿ ಹಿಂದಕ್ಕ ಒಗದು.

"ಮೊದಲು ದರ್ಗಾ, ಹಾದ್ಯಾಗ ಬರತೈತಿ," ಮಾಬೂಬಿ.
"ಮೊದಲು ಮ್ಯಾಲಿನ ದುರ್ಗವ್ವ, ಬಿಸಲು ಏರೂದರಾಗ," ಫಕ್ಕೀರವ್ವ.
"ಮೊದಲು ಈ ಚೀಲ," ಅಂದ ಗುಮಾಸ್ತ
ಬಾಗಿಲದಾಗ ನಿಂತು.

ಬುತ್ತಿ: ಕಟಕ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು, ಉಳ್ಳಾಗಡ್ಡಿ.
"ಕೆಂಪು ಚಟ್ನಿ ಒಯ್ಯಬ್ಯಾಡ್ರಿ, ಒಂದು ದಿನಾನಾರ
ಇದರ ಮಾರಿ ನೋಡೂದು ಬ್ಯಾಡ."
ಎಲ್ಲಾರೂ ಹೂಂ ಅಂದ್ರು.
ಹೂಂ ಅಂದ ಬಾಯಿಲೇ ನಾಕು ಮಂದಿ ಸೀನಿದ್ರು.

ಈಗ ಲೆಕ್ಕ.
ಮುಟ್ಟೂದು ಹನ್ನೊಂದಕ್ಕ, ಹೊಂಡೂದು ಮೂರಕ್ಕ,
ಇಲ್ಲಂದ್ರ ಕಡೀ ಬಸ್ಸು ಶಿರಸಿಯೊಳಗ ಕೈ ಬಿಡತೈತಿ.
ಹತ್ತೂದಕ್ಕಿಷ್ಟು, ಇಳಿಯೂದಕ್ಕಿಷ್ಟು,
ದರ್ಗಾಕ್ಕಿಷ್ಟು, ದುರ್ಗವ್ವಗಿಷ್ಟು, ಊಟಕ್ಕಿಷ್ಟು,
ಬಳಿ ಅಂಗಡಿ ಮುಂದ ಮಾಬೂಬಿ ನಿಲ್ಲೂದಕ್ಕಿಷ್ಟು.
ಕಳದು ಕಳದು ಸಮುದ್ರದ ಪಾಲಿಗೆ ಉಳಿದದ್ದು
ನಲವತ್ತು ನಿಮಿಷ.
"ಅಂದ್ರ ಒಂದೂವರಿ ಕಿಲೋ," ಅಂದ್ಲು ಹೊಳೆವ್ವ.
ನಾವು ಹೊತ್ತು ಅಳಿಯೂದು ಹಂಗ.

ಹೊಳೆವ್ವನ ಮೊಣಕಾಲು ಬಾತೈತಿ.
"ನಾ ಕೆಳಗ ಕುಂದರ್ತೀನಿ, ನೀವು ಹತ್ತಿ ನೋಡಿ ಬಂದು ಹೇಳ್ರಿ."
ಏನಂತ ಹೇಳೂದು?
ನಮ್ಮೊಳಗ ಒಬ್ಬಾಕಿನೂ ಸಮುದ್ರ ನೋಡಿದಾಕಿ ಅಲ್ಲ.
ಸ್ವಲ್ಪ ಹೊತ್ತು ಬರೇ ತೊಟ್ಟು ಮುರಿಯೂ ಸಪ್ಪಳ.
ಆಮ್ಯಾಲ ಆಕಿನ ಕೇಳಿದ್ಲು:
"ಉಪ್ಪುನೀರಾಗ ಕೈ ಇಟ್ರ
ಈ ಉರಿ ಇಳೀತೈತೇನು, ಏರತೈತೇನು?"

ಏಳು ಸಲ ಸಬಕಾರ ಹಚ್ಚಿದ್ರೂ ಹೋಗದ ಉರಿ.
ಕೂಸಿನ ಕಣ್ಣೀರು ಒರಸಾಕ ನಾವು
ಮುಂಗೈ ಚಾಚತೀವಿ, ಬೆರಳು ಚಾಚೂದಿಲ್ಲ.
ಲಗ್ನಾದ ಹೊಸದಾಗಿ ನನ ಗಂಡ
ಎರಡು ದಿನ ಕಣ್ಣು ಬಿಟ್ಟಿದ್ದಿಲ್ಲ,
ಅದು ಬ್ಯಾರೆ ಕತಿ.

"ಹೋಗಿ ಇಟ್ಟ ನೋಡೂಣು,"
ಅಂದ್ಲು ಮಾಬೂಬಿ.
ಅದನ್ನೂ ಬರಕೊಂಡೆ, ಎಲ್ಲಾಕಿಂತ ಕೆಳಗ,
ಜಾಗಾ ಸಾಲದ ಓರಿಯಾಗಿ.

ಸಂಜಿಗೆ ಚೀಟಿ ಇಲ್ಲ.
ತಟ್ಟಿನ ಕೆಳಗ ಇಲ್ಲ, ಸೆರಗಿನ್ಯಾಗ ಇಲ್ಲ,
ತೊಟ್ಟಿನ ಗುಂಪಿ ಕೆದರಿದ್ರ ಅಲ್ಲೂ ಇಲ್ಲ.
ಹದಿನಾಕು ಚೀಲ ಬಾಯಿ ಹೊಲಿಸಿಕೊಂಡು
ಲಾರಿ ಏರಿ ಕುಂತಿದ್ವು.
"ಎಲ್ಲಿಗೆ ಹೊಂಟಾವೋ?"
"ಕೊಚ್ಚಿಗೆ," ಅಂದ ಹಮಾಲ ಈರಣ್ಣ, ಹಗ್ಗ ಬಿಗಿಯುತ್ತ,
"ಅಲ್ಲಿಂದ ಹಡಗಿಗೆ."

ಹೊಳೆವ್ವ ಮೊಣಕಾಲು ಹಿಡಕೊಂಡು ನಕ್ಕಳು, ನಕ್ಕಳು,
ಕಣ್ಣಾಗ ನೀರು ಬಂತು, ಮುಂಗೈಲೆ ಒರಸಿಕೊಂಡ್ಲು.
"ನಮ್ಮನ್ನ ಬಿಟ್ಟು ಹೋತಲ್ಲ ಬುಧವಾರ!
ಇನ್ನೊಂದು ಚೀಟಿ ತಗಿಯವ್ವ.
ಈ ಸಲ ಸಮುದ್ರ ಮೊದಲು ಬರಿ,
ಬಸ್ಸು ಆಮ್ಯಾಲ."

ಕೈ ಖಾಲಿ ಇಲ್ಲಂತ
ಪೆನ್ನಿನ ಟೊಪಗಿ ಹಲ್ಲಿಂದ ತಗದೆ.
ತುಟಿ ಉರೀತು.